ಚಟಪಟಿ ಕಾಯಿಯ ಪೊಟ್ಟಣ

ಜೂನ್ 4

ಹುಲ್ಲುಹಾಸು ತೋಟದ ಮಾಲೀಕರಿಗೆ,

ಮಾನ್ಯರೇ,

ಕಳೆದ ವರ್ಷ ಆಗಸ್ಟಿನಲ್ಲಿ ನಿಮ್ಮ ತೋಟದಿಂದ ತರಿಸಿ ನಮ್ಮ ಮೈದಾನದ ಉತ್ತರದ ಗೋಲಿನ ಮುಂದೆ ಹಾಸಿದ ಹುಲ್ಲಿನಲ್ಲಿ ನಿಷೇಧಿತ ಕಳೆಯೊಂದು ಕಾಣಿಸಿಕೊಂಡಿದೆ. ನೇರಳೆ ಹೂ, ಬೆರಳಿನಂಥ ಗೆಡ್ಡೆಗಳ ಗೊಂಚಲು ಬೇರು, ಒಣಗಿದ ಮೇಲೆ ನೀರು ಬಿದ್ದರೆ ಸಿಡಿಯುವ ಕಾಯಿ. ಮೊದಲು ಒಂದೇ ಗಿಡವಿತ್ತು. ಕಿತ್ತೆವು. ಗೆಡ್ಡೆಯ ಚೂರು ಒಳಗೆ ಉಳಿದಿರಬೇಕು, ಹದಿನೈದು ದಿನದಲ್ಲಿ ಅದೇ ಜಾಗದಲ್ಲಿ ಐದು ಎದ್ದವು. ಮಳೆ ಶುರುವಾದ ಮೇಲೆ ಲೆಕ್ಕ ಇಡುವುದನ್ನೇ ಬಿಟ್ಟಿದ್ದೇವೆ.

ಈ ಕಳೆ ನಿಮ್ಮ ಹುಲ್ಲಿನ ಜೊತೆಗೇ ಬಂದಿದೆ ಎಂದು ಒಪ್ಪಿಕೊಂಡು ಲಿಖಿತವಾಗಿ ಕಳಿಸಬೇಕೆಂದು ಮೈದಾನದ ಸಮಿತಿಯ ಪರವಾಗಿ ಕೇಳುತ್ತಿದ್ದೇನೆ. ಹದಿನೈದು ದಿನದೊಳಗೆ ಬರದಿದ್ದರೆ ಕಳೆ ತಪಾಸಣಾ ಕಚೇರಿಗೆ ದೂರು ಕೊಡುವುದು ಅನಿವಾರ್ಯವಾಗುತ್ತದೆ.

ಇತಿ,
ಮೈದಾನದ ಮೇಲ್ವಿಚಾರಕ

ಇದು ಯಾವ ಗಿಡ ಎಂದು ನಿನಗೆ ವಿವರಿಸಬೇಕಾಗಿಲ್ಲ.


ಜೂನ್ 11

ಮಾನ್ಯ ಮೇಲ್ವಿಚಾರಕರಿಗೆ, ಅಂದರೆ ನನ್ನ ಒಡಹುಟ್ಟಿದವನಿಗೆ,

ಅಮ್ಮ ತೀರಿಹೋದ ಎಂಟು ತಿಂಗಳ ಮೇಲೆ ನಿನ್ನ ಅಕ್ಷರ ಕಂಡಿತು. ಅದೂ ಮುದ್ರೆ ಒತ್ತಿದ ಕಾಗದದಲ್ಲಿ, ‘ಮಾನ್ಯರೇ’ ಅಂತ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ಹೊದಿಕೆಯನ್ನೆಲ್ಲ ಸುತ್ತಿಕೊಂಡು ನನ್ನನ್ನು ಚಳಿಯಲ್ಲಿ ಬಿಡುತ್ತಿದ್ದವನು ನೀನು. ಈಗ ‘ಅನಿವಾರ್ಯವಾಗುತ್ತದೆ’ ಅಂತೆ! ಆ ಮಾತನ್ನು ಬರೆಯುವಾಗ ನಿನಗೇ ನಗು ಬರಲಿಲ್ಲವಾ?

ನೇರವಾಗಿ ಹೇಳುತ್ತೇನೆ. ನನ್ನ ಹೊಲದಲ್ಲಿ ಆ ಗಿಡ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲ. ವರ್ಷಕ್ಕೆರಡು ಸಲ ತಪಾಸಣೆಯವರು ಬಂದು, ಮಂಡಿಯೂರಿ, ಅಂಗೈಯಗಲ ಜಾಗವನ್ನೂ ಬಿಡದೆ ಹುಲ್ಲು ಬಿಡಿಸಿ ನೋಡುತ್ತಾರೆ. ನಮ್ಮ ಕೆಲಸದ ಹೆಂಗಸರು ಅವರಿಗೆ ಮಂಡಿ ಸಾಹೇಬರು ಎಂದೇ ಹೆಸರಿಟ್ಟಿದ್ದಾರೆ. ಅವರ ಪ್ಯಾಂಟಿನ ಎರಡೂ ಮಂಡಿಗೆ ಚರ್ಮದ ತೇಪೆ ಇದೆ. ಅವರ ಕೈಗೆ ಒಂದೇ ಒಂದು ಗಿಡ ಸಿಕ್ಕಿದರೂ ಇಡೀ ಹೊಲ ಉತ್ತು ಹಾಕಬೇಕು, ಆಮೇಲೆ ಮೂರು ವರ್ಷ ಒಂದು ಸುರುಳಿ ಹುಲ್ಲನ್ನೂ ಮಾರುವಂತಿಲ್ಲ. ನನಗೆ ಐವತ್ತೆಂಟು. ಮೂರು ವರ್ಷ ನಿಂತರೆ ಮತ್ತೆ ಎದ್ದು ಶುರು ಮಾಡುವ ಶಕ್ತಿ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ದೂರು ಕೊಡುತ್ತೇನೆ ಅಂತೀಯಲ್ಲ, ನಿನ್ನ ಹೊಟ್ಟೆಯಲ್ಲಿ ಏನು ತುಂಬಿಕೊಂಡಿದೆ?

ಗೇಟಿನಲ್ಲಿ ನಾನು ಬೂಟು ತೊಳೆಸುವುದು ಇದಕ್ಕೇ. ನಾಲ್ಕು ವರ್ಷದ ಹಿಂದೆ ನೀನು ಅಮ್ಮನನ್ನು ನೋಡಲು ಬಂದೆ. ಬೂಟು ಬಿಚ್ಚಿ, ಔಷಧಿ ನೀರಿನ ತೊಟ್ಟಿಯಲ್ಲಿ ಬ್ರಷ್ ಹಾಕಿ ತೊಳಿ ಅಂದೆ. ಮಂಡಿ ಸಾಹೇಬರೂ ತೊಳೆಯುತ್ತಾರೆ, ಲಾರಿಯವನೂ ತೊಳೆಯುತ್ತಾನೆ, ನಾನೂ ತೊಳೆಯುತ್ತೇನೆ. ನಿನಗೊಬ್ಬನಿಗೆ ಮಾತ್ರ ಮಾನ ಹೋಯಿತು. ಅರ್ಧ ತೊಳೆದ ಬೂಟು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೊರಟೆ. ಅಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅಲ್ಲಿಂದ ಈಚೆಗೆ ನೀನು ಒಳಗೆ ಕಾಲಿಟ್ಟಿಲ್ಲ. ಅಮ್ಮ ಹೋದ ದಿನವೂ ಗೇಟಿನ ಹೊರಗೇ ನಿಂತಿದ್ದು, ಅವಳನ್ನು ಹೊರಗೆ ತಂದ ಮೇಲೆ ಜನರ ಹಿಂದೆ ನಡೆದು, ಅಲ್ಲಿಂದಲೇ ಬಸ್ಸು ಹತ್ತಿದೆ. ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಇನ್ನು ಗಿಡದ ವಿಷಯ. ಹತ್ತೊಂಬತ್ತು ವರ್ಷ ಮೈದಾನ ನೋಡಿಕೊಂಡವನಿಗೆ ನಾನು ಹೇಳಿಕೊಡಬೇಕು! ಅದರ ಬೀಜಕ್ಕೆ ರೆಕ್ಕೆ ಇಲ್ಲ, ಗಾಳಿಯಲ್ಲಿ ಹಾರುವುದಿಲ್ಲ. ಕಾಯಿ ಸಿಡಿದರೆ ಹತ್ತಡಿ ದೂರಕ್ಕೆ ಎಸೆಯುತ್ತದೆ, ಅದರ ಕೈಲಾಗುವುದು ಅಷ್ಟೇ. ಅದಕ್ಕಿಂತ ಆಚೆ ಹೋಗಿದ್ದರೆ ಯಾರೋ ಹೊತ್ತಿರಬೇಕು. ಒದ್ದೆ ಬೀಜಕ್ಕೆ ಅಂಟು ಬರುತ್ತದೆ. ಚಕ್ರಕ್ಕೆ, ಬೂಟಿಗೆ, ನಾಯಿಯ ಕಾಲಿಗೆ, ಎಲ್ಲಕ್ಕೂ ಹತ್ತಿಕೊಳ್ಳುತ್ತದೆ. ಎಲ್ಲಿ ಮೊದಲು ಎದ್ದಿತೋ ಅಲ್ಲಿ ನಿಂತು, ಅದರ ಸುತ್ತ ಹತ್ತಡಿಯಲ್ಲಿ ಏನಿದೆ ನೋಡು. ನಿನ್ನ ಅಸಡ್ಡೆಗೆ ನನ್ನ ತಲೆಯ ಮೇಲೆ ಗೂಬೆ ಕೂರಿಸಬೇಡ.

ಒಪ್ಪಿಗೆಯ ಕಾಗದ ಬರುವುದಿಲ್ಲ.

ಅಕ್ಕ


ಜೂನ್ 25

ಅಕ್ಕಾ,

ದೂರು ಕೊಟ್ಟಾಯಿತು. ನಿನ್ನೆ ರಿಜಿಸ್ಟರ್ ಮಾಡಿ ಕಳಿಸಿದೆ. ನೀನು ಬೈದು ಬರೆದ ಕಾಗದ ಓದಿದ ಮೇಲೂ, ಗಡುವು ದಾಟಿ ಐದು ದಿನ ಕಾದೆ, ಆ ಉಪಕಾರವನ್ನಾದರೂ ನೆನಪಿಟ್ಟುಕೋ.

ಸಮಿತಿಯವರು ನನ್ನ ಕುತ್ತಿಗೆ ಹಿಡಿದಿದ್ದಾರೆ. ಕಳೆ ಎಲ್ಲಿಂದ ಬಂತು ಹೇಳು, ಇಲ್ಲವೇ ಬೀಗದ ಕೈ ಮೇಜಿನ ಮೇಲಿಟ್ಟು ಹೋಗು ಎಂದಿದ್ದಾರೆ. ನಮ್ಮ ಕಾರ್ಯದರ್ಶಿ ಆಟಗಾರನಲ್ಲ, ಹುಲ್ಲಿನ ಮೇಲೆ ನಡೆದವನೂ ಅಲ್ಲ. ಗ್ಯಾಲರಿಯಲ್ಲಿ ಕುಳಿತು ನೇರಳೆ ಹೂವನ್ನು ದೂರದಿಂದ ಎಣಿಸುತ್ತಾನೆ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುವ ಹೂ ಅದು. ಅವನು ಬರುವ ಹೊತ್ತಿಗೆ ಉದುರಿರಲಿ ಎಂದು ಬೇಡಿಕೊಳ್ಳುವ ಸ್ಥಿತಿ ನನ್ನದು. ನಿನಗೆ ನಿನ್ನ ಹೊಲ ಇದ್ದ ಹಾಗೆ ನನಗೆ ಇದೊಂದೇ ಇರುವುದು.

ಅವಮಾನದ ಮಾತು ನೀನೇ ಎತ್ತಿದೆ. ಐದು ಗಂಟೆ ಬಸ್ಸಿನಲ್ಲಿ ಬಂದವನಿಗೆ ಕುಡಿಯಲು ನೀರು ಕೊಡುವ ಮೊದಲು ಬೂಟು ತೊಳೆಯುವ ನೀರು ತೋರಿಸಿದವಳು ನೀನು. ಅದೂ ಇಬ್ಬರು ಲಾರಿಯವರ ಎದುರಿಗೆ. ‘ಚೆನ್ನಾಗಿ ಉಜ್ಜು, ಇವನ ಬೂಟಲ್ಲಿ ಊರಿನ ಕಳೆಯೆಲ್ಲ ಇರುತ್ತೆ’ ಅಂದೆ. ಅವರು ನಕ್ಕರು. ನೀನೂ ನಕ್ಕೆ.

ಹೊಲದ ಶುದ್ಧಿಯ ಬಗ್ಗೆ ಇಷ್ಟು ಹೇಳಿಕೊಳ್ಳುತ್ತೀಯ. ಅಮ್ಮನ ಕಿಟಕಿಯಲ್ಲಿದ್ದ ಕುಂಡದ ಸಂಗತಿ ಮಂಡಿ ಸಾಹೇಬರಿಗೆ ಗೊತ್ತಾ?

ಗಿಡವೇ ಇಲ್ಲ ಅನ್ನುವವಳಿಗೆ ಸಾಕ್ಷಿಯನ್ನೂ ಕಳಿಸಿದ್ದೇನೆ. ಜೊತೆಗಿರುವ ಪೊಟ್ಟಣದಲ್ಲಿ ಹನ್ನೆರಡು ಒಣ ಕಾಯಿ ಇದೆ. ಗುರುತು ಹಿಡಿ. ಚಿಕ್ಕಂದಿನಲ್ಲಿ ಬಾಯೊಳಗೆ ಇಟ್ಟುಕೊಂಡು ಯಾರದು ಮೊದಲು ಸಿಡಿಯುತ್ತೆ ಅಂತ ಪಂದ್ಯ ಕಟ್ಟುತ್ತಿದ್ದೆಯಲ್ಲ, ಮರೆತಿರಲಾರೆ.

ತಮ್ಮ


ಜುಲೈ 2

ನಿನಗೆ ಬುದ್ಧಿ ಕೆಟ್ಟಿದೆಯೋ, ಬೇಕೆಂದೇ ಮಾಡಿದೆಯೋ?

ಟಪಾಲಿನ ಡಬ್ಬಿ ಗೇಟಿನ ಒಳಮೈಗೆ ಇದೆ. ಟಪಾಲಿನವನು ಹೊರಗಿನಿಂದಲೇ ತೂರಿಸುತ್ತಾನೆ. ನಿನ್ನ ಲಕೋಟೆ ದಪ್ಪಗಿತ್ತು, ಅರ್ಧ ತೂರಿ, ಜಾರಿ, ಕೆಳಗೆ ಬಿತ್ತು. ಎರಡು ದಿನ ಬಿಡದೆ ಮಳೆ. ನಾನು ಎತ್ತಿಕೊಳ್ಳುವಾಗ ಅದು ತೊಪ್ಪೆಯಾಗಿತ್ತು, ಕೈಯಲ್ಲಿ ಹಿಡಿದಾಗಲೇ ಒಳಗೆ ಚಟ್ ಚಟ್ ಅಂತ ಎರಡು ಸದ್ದು. ಆ ಸದ್ದು ನನಗೆ ಗೊತ್ತಿಲ್ಲವಾ? ಮನೆಗೆ ಒಯ್ದು ಮೇಜಿನ ಮೇಲೆ ಬಿಚ್ಚಿದರೆ ಹನ್ನೆರಡೂ ಸಿಪ್ಪೆ. ಲಕೋಟೆಯ ಮೂಲೆ ಹರಿದಿತ್ತು. ಒಂದು ಕಾಯಿಗೆ ಇಪ್ಪತ್ತು ಬೀಜ ಅಂದರೂ ಇನ್ನೂರ ನಲವತ್ತು. ಕಾಗದಕ್ಕೆ ಅಂಟಿದ್ದನ್ನು ಸೂಜಿಯಲ್ಲಿ ಬಿಡಿಸಿ ಎಣಿಸಿದೆ, ನೂರ ಐವತ್ತೊಂದು. ಮಿಕ್ಕದ್ದು ಎಲ್ಲಿ? ಡಬ್ಬಿಯ ಕೆಳಗೆ ಮೊಣಕೈಯಾಳ ಮಣ್ಣು ತೆಗೆಸಿ ಸುಡಿಸಿದ್ದೇನೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ.

ನಿನ್ನ ದೂರಿನಿಂದಾಗಿ ತಪಾಸಣೆ ಈ ತಿಂಗಳ ಇಪ್ಪತ್ತೆಂಟಕ್ಕೆ ಬಿದ್ದಿದೆ.

ಈಗ ಎರಡು ಪ್ರಶ್ನೆ. ಕುಂಡದ ಸಂಗತಿ ನಿನಗೆ ಹೇಗೆ ಗೊತ್ತು? ಅಮ್ಮ ಇಲ್ಲಿಗೆ ಬಂದ ವಾರವೇ ಕುಂಡದಲ್ಲಿ ಅವಳು ತಂದಿದ್ದ ಆ ಗಿಡವನ್ನು ಸುಟ್ಟೆ ಎಂದು ನಿನಗೂ ಹೇಳಿದ್ದೆ, ಮಂಡಿ ಸಾಹೇಬರಿಗೂ ಹೇಳಿದ್ದೆ. ಸುಡಲಿಲ್ಲ. ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಳು, ಮನಸ್ಸು ಬರಲಿಲ್ಲ. ಒಂದು ಕರಾರು ಹಾಕಿದೆ: ಕುಂಡ ಕೋಣೆಯಿಂದ ಹೊರಗೆ ಬರಕೂಡದು, ಅರಳಿದ ಹೂವನ್ನು ಅವತ್ತೇ ಕತ್ತರಿಸಬೇಕು. ಒಂಬತ್ತು ವರ್ಷ ಉಗುರು ಕತ್ತರಿಯಲ್ಲಿ ಅಷ್ಟೂ ಹೂ ಕತ್ತರಿಸಿದಳು. ಸಂಜೆ ಸಂಜೆ ಹೋಗಿ ನೋಡುತ್ತಿದ್ದೆ. ಒಂದು ಕಾಯಿ ಕಂಡಿಲ್ಲ. ಅವಳು ನನಗೆ ಕೊಟ್ಟ ಮಾತು ಉಳಿಸಿಕೊಂಡಳು. ಇದನ್ನು ನಾನು ಇನ್ನೊಬ್ಬರಿಗೆ ಹೇಳಿಲ್ಲ. ನಿನಗೆ ಯಾರು ಹೇಳಿದರು?

ಎರಡನೆಯದು. ಪೊಟ್ಟಣದ ಕಾಗದ ಕ್ಯಾಲೆಂಡರಿನ ಹಾಳೆ. ಹೋದ ವರ್ಷದ ಸೆಪ್ಟೆಂಬರ್. ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಇರುತ್ತದೆ ಎಂದು ಹೇಳಬೇಡ. ಅದರ ತಾರೀಖುಗಳ ಮೇಲೆ ಪೆನ್ಸಿಲಿನ ಅಡ್ಡಗೆರೆ ಇದೆ, ದಿನಕ್ಕೆ ಎರಡು. ಅಮ್ಮನಿಗೆ ಮಾತ್ರೆ ಕೊಟ್ಟಾಗಲೆಲ್ಲ ನಾನು ಎಳೆಯುತ್ತಿದ್ದ ಗೆರೆ ಅದು. ಆ ಹಾಳೆ ನಿನ್ನ ಕೈಗೆ ಹೇಗೆ ಬಂತು?

ಅಕ್ಕ


ಜುಲೈ 9

ಅಕ್ಕಾ,

ಮಳೆ ಬರಿಸಿದವನು ನಾನಲ್ಲ. ಟಪಾಲಿನವನ ಕೈ ಜಾರಿದ್ದೂ ನನ್ನ ತಪ್ಪಲ್ಲ. ಡಬ್ಬಿಗೆ ದೊಡ್ಡ ಬಾಯಿ ಮಾಡಿಸಬೇಕಾಗಿತ್ತು.

ಯಾವುದೋ ಹಳೇ ಕಾಗದ ಸಿಕ್ಕಿತು, ಕಟ್ಟಿದೆ. ಅದರಲ್ಲಿ ಏನು ಗೆರೆಯಿತ್ತು ಎಂದು ನಾನು ನೋಡಿಲ್ಲ.

ತಮ್ಮ


ಜುಲೈ 29

ನಿನ್ನ ನಾಲ್ಕು ಸಾಲಿನ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯುವ ಹಾಗಾಯಿತು.

ಮಂಡಿ ಸಾಹೇಬರು ನಿನ್ನೆ ಬಂದಿದ್ದರು. ಗೇಟಿನಲ್ಲಿ ಬೂಟು ತೊಳೆದು, ನೀರು ಕುಡಿದು, ಹೊಲಕ್ಕೆ ಹೋಗಲು ಎದ್ದವರು ದಾರಿಯಲ್ಲೇ ಕುಳಿತುಬಿಟ್ಟರು. ಡಬ್ಬಿಯಿಂದ ಮನೆ ಬಾಗಿಲವರೆಗಿನ ಕಾಲುದಾರಿಯ ಅಂಚಿನಲ್ಲಿ ಸಸಿಗಳಿದ್ದವು. ನಾಲ್ಕೆಲೆಯ ಸಸಿ, ಒಟ್ಟು ಮೂವತ್ತೊಂದು. ನಾನು ದಿನಕ್ಕೆ ಇಪ್ಪತ್ತು ಸಲ ಓಡಾಡುವ ದಾರಿ! ಹೊಲದ ಒಂದೊಂದು ಎಸಳನ್ನೂ ನೋಡುವ ಕಣ್ಣಿಗೆ ಅದು ಕಾಣಲಿಲ್ಲ. ಅವರು ಜೇಬಿನಿಂದ ಟೇಪು ತೆಗೆದು ಒಂದು ಗುಂಪಿನಿಂದ ಇನ್ನೊಂದಕ್ಕೆ ಅಳೆದರು. ಎಲ್ಲ ಹೆಚ್ಚೂಕಡಿಮೆ ಒಂದೇ ಅಳತೆ.

‘ಇದು ತಾನಾಗಿ ಸಿಡಿದು ಬಿದ್ದದ್ದಲ್ಲಮ್ಮಾ. ಯಾರೋ ನಡೆದಿದ್ದಾರೆ. ಹೆಜ್ಜೆಹೆಜ್ಜೆಗೂ ಬಿದ್ದಿದೆ. ನಿಮ್ಮ ಚಪ್ಪಲಿ ಕೊಡಿ ನೋಡೋಣ’ ಅಂದರು.

ಕೊಟ್ಟೆ. ಅಡಿಯ ಗೀರಿನಲ್ಲಿ ಇನ್ನೂ ಎರಡು ಬೀಜ ಒಣಗಿ ಕಚ್ಚಿಕೊಂಡಿದ್ದವು. ಹನ್ನೊಂದು ವರ್ಷ ಕಂಡಕಂಡವರ ಬೂಟು ಬಿಚ್ಚಿಸಿದ ನನ್ನ ಚಪ್ಪಲಿಯಲ್ಲಿ. ಅವತ್ತು ನಿನ್ನ ಒದ್ದೆ ಲಕೋಟೆ ಹಿಡಿದು ಆ ದಾರಿಯಲ್ಲಿ ಓಡಿದವಳು ನಾನೇ.

ಈಗ ಕೇಳು. ಕಳೆ ಹೊರಗಿನಿಂದ ನನಗೆ ಗೊತ್ತಿಲ್ಲದೆ ಬಂತು ಎನ್ನುವುದಕ್ಕೆ ಸಾಕ್ಷಿ ಕೊಟ್ಟರೆ ದಾರಿಯನ್ನು ಮಾತ್ರ ಅಗೆಸಿ ಬಿಡುತ್ತಾರಂತೆ. ಸಾಕ್ಷಿ ಇಲ್ಲದಿದ್ದರೆ ಇಡೀ ಹೊಲ. ಆಗಸ್ಟ್ ಹದಿನಾಲ್ಕರವರೆಗೆ ಸಮಯ. ಸಾಕ್ಷಿ ನನ್ನ ಪೆಟ್ಟಿಗೆಯಲ್ಲಿದೆ: ಮೈದಾನದ ಮುದ್ರೆಯಿರುವ ಲಕೋಟೆ, ಒಳಗೆ ‘ಹನ್ನೆರಡು ಒಣ ಕಾಯಿ ಇದೆ’ ಎನ್ನುವ ನಿನ್ನ ಕೈಬರಹ. ನಿಷೇಧಿತ ಕಳೆಯ ಬೀಜವನ್ನು ಗೊತ್ತಿದ್ದೂ ಟಪಾಲಿಗೆ ಹಾಕಿದವನನ್ನು ಯಾವ ಸಮಿತಿಯೂ ಇಟ್ಟುಕೊಳ್ಳುವುದಿಲ್ಲ. ಇದು ನಿನಗೂ ಗೊತ್ತು.

ಕೊಡಲು ನನಗೆ ಎಳ್ಳಷ್ಟೂ ಅಳುಕಿಲ್ಲ. ಇವತ್ತೇ ಕೊಡುತ್ತಿದ್ದೆ. ಆ ಕ್ಯಾಲೆಂಡರ್ ಹಾಳೆ ತಡೆಯಿತು. ಅದೂ ಲಕೋಟೆಯ ಒಳಗಿನದೇ, ಅದನ್ನೂ ಕೊಡಬೇಕಾಗುತ್ತದೆ. ಕೊಡುವ ಮೊದಲು ಅದೇನೆಂದು ನನಗೆ ತಿಳಿಯಬೇಕು. ಈ ಸಲ ಡಬ್ಬಿಯ ಬಾಯಿ, ಟಪಾಲಿನವನ ಕೈ ಎಂದೆಲ್ಲ ಬರೆದರೆ ಅದೇ ದಿನ ಲಕೋಟೆ ಕಚೇರಿಗೆ ಹೋಗುತ್ತದೆ.

ಅಕ್ಕ


ಆಗಸ್ಟ್ 5

ಅಕ್ಕಾ,

ಕೊಡುವುದಾದರೆ ಕೊಡು. ಆದರೆ ಕೇಳಿದೆಯಲ್ಲ, ಕೇಳಿಸಿಕೋ. ನಿನಗೆ ಹಿತವಾಗುವುದಿಲ್ಲ.

ಆ ಪೊಟ್ಟಣ ಕಟ್ಟಿದವನು ನಾನಲ್ಲ. ಅಮ್ಮ ಕಟ್ಟಿದ್ದು. ನಾನು ಬಿಚ್ಚಿಯೂ ಇರಲಿಲ್ಲ, ಹನ್ನೆರಡು ಎಂಬ ಲೆಕ್ಕ ಅವಳ ಕಾಗದದಲ್ಲಿತ್ತು.

ಬೂಟಿನ ಜಗಳವಾದ ತಿಂಗಳಿನಿಂದ ಅವಳು ನನಗೆ ತಿಂಗಳಿಗೊಂದು ಕಾಗದ ಹಾಕುತ್ತಿದ್ದಳು. ಹಾಲಿನವಳ ಕೈಯಲ್ಲಿ ಕೊಟ್ಟು ಹಾಕಿಸುತ್ತಿದ್ದಳಂತೆ. ಕಾಗದದಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಕಾಲು ನೋವು, ನಿನ್ನ ಕೋಪ, ಇವತ್ತು ಎಷ್ಟು ಹೂ. ಜೊತೆಗೆ ಕ್ಯಾಲೆಂಡರಿನ ಹಾಳೆಯಲ್ಲಿ ಕಾಯಿಯ ಪೊಟ್ಟಣ. ‘ಬಟ್ಟಲಲ್ಲಿ ನೀರು ಹಾಕಿ ಬಿಡು, ಸದ್ದು ಕೇಳು, ನಾನೂ ಇಲ್ಲಿ ಒಂದು ಬಿಡುತ್ತೀನಿ’ ಎಂದು ಬರೆಯುತ್ತಿದ್ದಳು. ಪ್ರತಿ ಸಲ ಕೊನೆಗೆ ‘ಅಕ್ಕನಿಗೆ ಹೇಳಬೇಡ, ಪಾಪ ಹೆದರುತ್ತಾಳೆ’ ಅಂತ. ನಾನು ಬೆಳಗಿನ ಟೀ ಕುಡಿಯುವಾಗ ಬಟ್ಟಲಲ್ಲಿ ಒಂದೊಂದೇ ಬಿಡುತ್ತಿದ್ದೆ, ಬೀಜ ಹಾರದಂತೆ ತಟ್ಟೆ ಮುಚ್ಚಿ. ಆಮೇಲೆ ಬೀಜವನ್ನೆಲ್ಲ ಒಲೆಗೆ ಹಾಕುತ್ತಿದ್ದೆ. ನಾನೂ ಮೈದಾನದವನೇ, ಅಷ್ಟು ತಿಳಿವಳಿಕೆ ನನಗೂ ಇದೆ.

ಒಂಬತ್ತು ವರ್ಷ ಅವಳು ಹೂ ಕತ್ತರಿಸಿದ್ದು ನಿಜ. ನಿನಗೆ ತಿಳಿಯದ್ದು ಇದು: ಆ ಗಿಡದಲ್ಲಿ ಅರಳದ ಮೊಗ್ಗೂ ಇರುತ್ತದೆ. ಬುಡದಲ್ಲಿ, ಎಲೆಯ ಸಂದಿನಲ್ಲಿ, ಹಸಿರಾಗಿ ಮುಚ್ಚಿಕೊಂಡೇ ಇದ್ದು, ಒಳಗೊಳಗೇ ಕಾಯಿಯಾಗುತ್ತದೆ. ಅರಳಿದ್ದನ್ನು ನಿನಗೆ ತೋರಿಸಿ ಕತ್ತರಿಸುತ್ತಿದ್ದಳು. ಅರಳದ್ದನ್ನು ಬಿಡುತ್ತಿದ್ದಳು. ನೀನು ಸಂಜೆ ಬರುವ ಮೊದಲು ಕಾಯಿ ಬಿಡಿಸಿ ದಿಂಬಿನ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಇದನ್ನು ಬರೆಯುವಾಗ ಅವಳಿಗೆ ಖುಷಿಯೋ ಖುಷಿ.

ಅವಳು ಹೋದ ಮೇಲೆ ಬಟ್ಟಲಿನ ಆಟ ನಿಂತಿತು. ಉಳಿದ ಪೊಟ್ಟಣಗಳನ್ನು ತಗಡಿನ ಡಬ್ಬದಲ್ಲಿ ಹಾಕಿ ಸಾಮಾನು ಕೋಣೆಯ ಅಟ್ಟದ ಮೇಲಿಟ್ಟೆ. ಮೇ ತಿಂಗಳ ಮೊದಲ ಮಳೆಗೆ ಚಾವಣಿ ಸೋರಿತು. ಡಬ್ಬ ತೆಗೆದು ನೋಡಿದರೆ ಎಲ್ಲ ಸಿಡಿದಿತ್ತು. ಕೆಳಗಿನ ಒಂದು ಪೊಟ್ಟಣ ಮಾತ್ರ ಒಣಗಿ ಉಳಿದಿತ್ತು, ಅವಳ ಕಡೆಯದು. ಅದೇ ವಾರ ಗೋಲಿನ ಮುಂದೆ ಗಿಡ ಕಂಡಿತು. ಕೋಣೆಗೂ ಗೋಲಿಗೂ ನೂರಡಿ. ಹತ್ತಡಿಗಿಂತ ಆಚೆ ಹೋಗಿದ್ದರೆ ಯಾರೋ ಹೊತ್ತಿರಬೇಕು ಎಂದು ನೀನೇ ಬರೆದೆ. ಆ ಕೋಣೆಗೆ ಹೋಗಿಬರುವವನು ನಾನೊಬ್ಬನೇ. ನನ್ನ ಬೂಟು. ಲಾರಿಯವರ ಎದುರು ನೀನು ಅಂದಿದ್ದೆಯಲ್ಲ, ಅದೇ ಮಾತು ನಿಜವಾಯಿತು. ನಿನ್ನ ಹುಲ್ಲು ಎಂದು ಸಮಿತಿಗೆ ಆಗಲೇ ಹೇಳಿಬಿಟ್ಟಿದ್ದೆ. ಸುಳ್ಳು ಹೇಳಿದೆ. ಹೊಟ್ಟೆಪಾಡಿಗೆ ಹೇಳಿದೆ, ನಿನ್ನ ಮೇಲಿನ ಸಿಟ್ಟಿಗೂ ಹೇಳಿದೆ. ಸಾಕ್ಷಿಗೆ ಮೈದಾನದಲ್ಲಿ ಒಣ ಕಾಯಿ ಒಂದೂ ಸಿಗಲಿಲ್ಲ, ಮಳೆಗೆ ಎಲ್ಲ ಸಿಡಿದಿದ್ದವು. ಅಮ್ಮನ ಕಡೆಯ ಪೊಟ್ಟಣ ತೆಗೆದು ಹಾಕಿದೆ. ಅದನ್ನು ಕಳಿಸಿದ್ದಕ್ಕೆ ಪಡುವಷ್ಟು ಪಶ್ಚಾತ್ತಾಪ ನಿನಗೆ ಮೋಸ ಮಾಡಿದ್ದಕ್ಕೂ ಇಲ್ಲ ನನಗೆ.

ಅವತ್ತು ಗೇಟಿನ ಹೊರಗೆ ನಿಂತದ್ದು ಸೊಕ್ಕಿನಿಂದ ಅಲ್ಲ. ಒಳಗೆ ಬರಲೆಂದೇ ಬೂಟಿನ ದಾರ ಬಿಚ್ಚಿದ್ದೆ. ತೊಟ್ಟಿಯ ಪಕ್ಕ ಬ್ರಷ್ ನೇತಾಡುತ್ತಿತ್ತು. ಅದೊಂದು ದಿನವಾದರೂ ನೀನು ಅದನ್ನು ತೆಗೆದಿಡಬಹುದಿತ್ತು.

ಈ ಕಾಗದವನ್ನೂ ಕೊಡು ಬೇಕಾದರೆ. ನಿನ್ನ ಹೊಲ ಉಳಿಯುತ್ತದೆ. ನಾನು ಬೀಗದ ಕೈ ಮೇಜಿನ ಮೇಲಿಡುತ್ತೇನೆ.

ತಮ್ಮ


ಆಗಸ್ಟ್ 13

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ದಿನ ಅದನ್ನು ಹರಿದು ಹಾಕಬೇಕು ಅನ್ನಿಸಿತು. ನಿನ್ನ ಮೇಲಿನ ಕೋಪಕ್ಕಲ್ಲ. ಒಂಬತ್ತು ವರ್ಷ ಅವಳ ಕಾಲು ಒತ್ತಿದವಳು ನಾನು, ಸ್ನಾನ ಮಾಡಿಸಿದವಳು ನಾನು, ಮಾತ್ರೆಗೆ ಗೆರೆ ಎಳೆದವಳು ನಾನು. ಆ ಗೆರೆಯ ಹಾಳೆಯನ್ನೇ ಹರಿದು ನಿನಗೆ ಪೊಟ್ಟಣ ಕಟ್ಟಿದಳು. ‘ನಾನೂ ಇಲ್ಲಿ ಒಂದು ಬಿಡುತ್ತೀನಿ’ ಅಂತೆ. ಪಕ್ಕದ ಕೋಣೆಯಲ್ಲಿದ್ದ ನನ್ನನ್ನು ಒಂದು ಸಲ ಕರೆಯಲಿಲ್ಲ. ಹೊಟ್ಟೆ ಉರಿದುಹೋಯಿತು. ಹೇಳಿಬಿಟ್ಟಿದ್ದೇನೆ, ಸಾಕು.

ಎರಡನೆಯ ದಿನ, ದಡ್ಡ ನನ್ನ ತಮ್ಮ, ಇನ್ನೊಂದು ಸಲ ಓದಿದೆ. ಈ ಕಾಗದವನ್ನೂ ಕೊಡು ಅಂತೀಯ. ಇದರಲ್ಲಿ ಕುಂಡ ಒಂಬತ್ತು ವರ್ಷ ನನ್ನ ಮನೆಯಲ್ಲಿತ್ತು ಎಂದು ನೀನೇ ಬರೆದಿದ್ದೀಯ. ಕೊಟ್ಟರೆ ನಾನೂ ಮುಳುಗುತ್ತೇನೆ, ನೀನೂ ಮುಳುಗುತ್ತೀಯ. ನಿನ್ನ ತ್ಯಾಗವೂ ನಿನ್ನ ಲಕೋಟೆಯ ಹಾಗೆಯೇ.

ಆದರೆ ಒಂದು ಮಾತು ತಲೆಯಿಂದ ಇಳಿಯಲಿಲ್ಲ. ಡಬ್ಬ ಸಿಡಿದದ್ದು ಮೇ ತಿಂಗಳ ಮೊದಲ ಮಳೆಗೆ. ಗೋಲಿನ ಮುಂದೆ ಗಿಡ ಕಂಡದ್ದು ಅದೇ ವಾರ. ಒಂದು ವಾರದಲ್ಲಿ ಬೀಜ ಮೊಳೆಯಬಹುದು, ಅಷ್ಟೇ. ಕೀಳುವಾಗ ಒಳಗೆ ಗೆಡ್ಡೆ ಉಳಿಯಿತು ಎಂದು ನಿನ್ನ ಮೊದಲ ಕಾಗದದಲ್ಲಿದೆ. ವಾರದ ಸಸಿಗೆ ಎಲ್ಲಿಯ ಗೆಡ್ಡೆ? ಅದಕ್ಕೆ ತಿಂಗಳುಗಟ್ಟಲೆ ಬೇಕು. ಸುಳ್ಳು ಹೇಳುವ ಅವಸರದಲ್ಲಿ ನಿನಗೆ ಅದು ಹೊಳೆಯಲಿಲ್ಲ. ನಿನ್ನನ್ನು ಬೈಯುವ ಅವಸರದಲ್ಲಿ ನನಗೂ ಹೊಳೆಯಲಿಲ್ಲ.

ಆಗ ನೆನಪಾಯಿತು. ಹೋದ ವರ್ಷ ನಿನ್ನ ಮೈದಾನಕ್ಕೆ ಹುಲ್ಲು ಕತ್ತರಿಸುವಾಗ ಆರು ಸುರುಳಿ ಕಡಿಮೆ ಬಿತ್ತು. ಹೊಲದಲ್ಲಿ ಮುಂದಿನ ಪಟ್ಟೆ ಇನ್ನೂ ಎಳೆಯದು, ಕತ್ತರಿಸಿದರೆ ಸುರುಳಿ ನಿಲ್ಲದೆ ಚೂರಾಗುತ್ತಿತ್ತು. ಲಾರಿ ಬಾಗಿಲಲ್ಲಿ ನಿಂತಿತ್ತು. ಅಮ್ಮ ಕಿಟಕಿಯಿಂದಲೇ ಕೂಗಿದಳು: ‘ನನ್ನ ಕಿಟಕಿ ಮುಂದಿಂದು ಕೊಡೇ. ಎಷ್ಟು ಹಸಿರಾಗಿದೆ ನೋಡು. ಅವನ ಮೈದಾನಕ್ಕೆ ತಾನೇ!’ ಕೊಟ್ಟೆ. ಅದು ಮನೆಯಂಗಳ, ಹೊಲದ ನಕ್ಷೆಯಲ್ಲಿ ಇಲ್ಲ. ಮಂಡಿ ಸಾಹೇಬರು ಅದನ್ನು ನೋಡುವುದಿಲ್ಲ. ತಪಾಸಣೆಯಾಗದ ಜಾಗದ ಹುಲ್ಲನ್ನು ಕತ್ತರಿಸಬಾರದು ಎಂದು ಗೊತ್ತಿದ್ದೂ ಕತ್ತರಿಸಿದೆ. ಜೊತೆಗೆ ಬಂದ ಚೀಟಿಯಲ್ಲಿ ಎಲ್ಲ ಹೊಲದ್ದೇ ಎಂದು ಬರೆದೆ. ಆ ಆರು ಸುರುಳಿಯನ್ನು ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಇಡಿಸಿದ್ದೆ. ಮೊದಲು ಇಳಿಸಿದ್ದು ಅದನ್ನೇ ಇರಬೇಕು. ಮೊದಲು ಹಾಸಿದ್ದು ಎಲ್ಲಿ ಎಂದು ನೀನೇ ಹೇಳಬಲ್ಲೆ.

ಕಿಟಕಿಯ ಹೊರಗೆ ಹೋಗಿ ಮಂಡಿಯೂರಿ ಕುಳಿತೆ. ಹುಲ್ಲು ಬಿಡಿಸಿದೆ. ಅಲ್ಲಿತ್ತು. ಕತ್ತರಿಸುವ ಯಂತ್ರದ ಅಲಗಿಗೆ ಸಿಗದಷ್ಟು ಕುಳ್ಳಗೆ, ನೆಲಕ್ಕೆ ಅಪ್ಪಚ್ಚಿಯಾಗಿ, ಒಂದೂ ಹೂವಿಲ್ಲದೆ. ಬುಡದಲ್ಲಿ ನೀನು ಹೇಳಿದ ಮುಚ್ಚಿದ ಮೊಗ್ಗು, ಅದರ ಪಕ್ಕ ಕಾಯಿ. ಅಗೆದರೆ ಹಿಡಿ ಹಿಡಿ ಗೆಡ್ಡೆ. ಎಷ್ಟು ವರ್ಷದ್ದೋ. ಅಮ್ಮ ಬಿಟ್ಟ ಕಾಯಿ ಕಿಟಕಿಯಿಂದ ಸಿಡಿದಿತ್ತೋ, ಬಟ್ಟಲಿನ ನೀರನ್ನು ಹೊರಗೆ ಚೆಲ್ಲುತ್ತಿದ್ದಳೋ, ಕೇಳೋಣ ಎಂದರೆ ಅವಳಿಲ್ಲ. ಅಂಗಳಕ್ಕೂ ಹೊಲಕ್ಕೂ ಒಂದೇ ಯಂತ್ರ ಓಡಿಸುತ್ತೇನೆ ನಾನು. ಹೊಲದ ನಾಲ್ಕನೆಯ ಪಟ್ಟೆಯ ಅಂಚಿನಲ್ಲಿ ಹುಡುಕಿದೆ. ಅಲ್ಲೂ ಇತ್ತು, ಈ ಮಳೆಗೆ ಎದ್ದ ಎಳೆಯದು.

ನೀನು ಹೇಳಿದ ಸುಳ್ಳು ನಿಜವಾಗಿತ್ತು. ನಾನು ಹೇಳಿದ ನಿಜ ಸುಳ್ಳಾಗಿತ್ತು. ನಿನ್ನ ಬೂಟಿನಲ್ಲಿ ಏನೂ ಇರಲಿಲ್ಲ. ಆವತ್ತೂ ಇರಲಿಲ್ಲ.

ನಿನ್ನೆ ಮಂಡಿ ಸಾಹೇಬರನ್ನು ನಾನೇ ಕರೆಸಿದೆ. ಕುಂಡ ತೋರಿಸಿದೆ, ಅಂಗಳ ತೋರಿಸಿದೆ, ನಾಲ್ಕನೆಯ ಪಟ್ಟೆ ತೋರಿಸಿದೆ. ಲಕೋಟೆ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಅವರು ಕುಂಡವನ್ನು ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ‘ಅಮ್ಮಾ, ಹನ್ನೊಂದು ವರ್ಷ ನಿಮ್ಮ ಹೊಲ ತೋರಿಸಿ ಬೇರೆಯವರಿಗೆ ಪಾಠ ಹೇಳಿದ್ದೀನಿ’ ಅಂದರು. ಅದಕ್ಕಿಂತ ಬೈದಿದ್ದರೆ ವಾಸಿಯಾಗುತ್ತಿತ್ತು.

ನೀನು ಮೊದಲು ಕೇಳಿದ ಲಿಖಿತ ಒಪ್ಪಿಗೆ ಜೊತೆಗಿದೆ, ಬೇರೆ ಹಾಳೆಯಲ್ಲಿ, ಸಹಿ ಹಾಕಿ. ಕಳೆ ನನ್ನ ಹುಲ್ಲಿನ ಜೊತೆಗೇ ಬಂತು ಎಂದು ಬರೆದಿದ್ದೇನೆ. ನಿನ್ನ ಗ್ಯಾಲರಿಯ ಕಾರ್ಯದರ್ಶಿಗೆ ತೋರಿಸು. ಬೀಗದ ಕೈ ನಿನ್ನ ಜೇಬಿನಲ್ಲೇ ಇರಲಿ. ಇದು ನಿನ್ನ ಮೇಲಿನ ಪ್ರೀತಿಗೆ ಬರೆದದ್ದು ಎಂದು ಉಬ್ಬಬೇಡ. ದೂರು ಕೊಟ್ಟದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಅಂದಾಜೂ ಸದ್ಯಕ್ಕಿಲ್ಲ.

ಉಳುಮೆ ಇಪ್ಪತ್ತನೇ ತಾರೀಖು ಬೆಳಿಗ್ಗೆ ಎಂಟಕ್ಕೆ. ಗೇಟಿನಿಂದ ಶುರು ಮಾಡಿ ಅಮ್ಮನ ಕಿಟಕಿಯ ಹತ್ತಿರ ಮುಗಿಸುತ್ತಾರಂತೆ. ಅವಳ ಕುಂಡವನ್ನು ನಾನು ಇನ್ನೂ ಸುಟ್ಟಿಲ್ಲ, ಅದನ್ನು ಒಬ್ಬಳೇ ಮಾಡಲು ಮನಸ್ಸಿಲ್ಲ. ಅದರಲ್ಲಿ ನಾಲ್ಕು ಒಣ ಕಾಯಿ ಇವೆ. ಬಟ್ಟಲು, ಮುಚ್ಚಲು ತಟ್ಟೆ, ಎರಡೂ ತೆಗೆದಿಟ್ಟಿದ್ದೇನೆ.

ಬರುವುದಾದರೆ ಏಳೂವರೆಗೆ ಇಲ್ಲಿ ತಲುಪುವ ಬಸ್ಸಿಗೆ ಬಾ. ತೊಟ್ಟಿ ಗೇಟಿನಲ್ಲೇ ಇದೆ, ಬ್ರಷ್ಷೂ ಅಲ್ಲೇ ಇದೆ. ಬರುವಾಗ ತೊಳೆಯಬೇಡ, ಬೂಟು ಹಾಕಿಕೊಂಡೇ ಒಳಗೆ ಬಾ. ಹೋಗುವಾಗ ತೊಳೆದುಕೊಂಡು ಹೋಗು.

ಅಕ್ಕ